ಚಲೋ ಅನಿಸ್ತು, ಖರೆ. ಎಲ್ಲಿ ಅನಿಸ್ತು?

ಈ ಸಲ ಬಂದ ಪತ್ರಗಳ ತಕರಾರು ಹೆಚ್ಚುಕಡಿಮೆ ಒಂದೇ. ಕಾಲೇಜಿನಲ್ಲಿ ಹಾಡು ಕೇಳಿಸುತ್ತಾರೆ, ಚಿತ್ರ ತೋರಿಸುತ್ತಾರೆ, ಸಿನಿಮಾ ಹಾಕುತ್ತಾರೆ. ಆಮೇಲೆ ‘ನಿಮಗೇನನಿಸಿತೋ ಬರೆಯಿರಿ’ ಅನ್ನುತ್ತಾರೆ. ಅನಿಸಿದ್ದನ್ನು ಬರೆದರೆ ಅಂಕ ಬರುವುದಿಲ್ಲ. ಸಂಗೀತ, ಚಿತ್ರಕಲೆ, ಸಿನಿಮಾ ಕಲಿಸುವ ಮೂವರು ಸೇರಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ತರಗತಿಯಲ್ಲಿ ಮಾರವಾ ರಾಗದ ಖ್ಯಾಲ್ (ಹಿಂದೂಸ್ತಾನಿ ಗಾಯನದ ಒಂದು ಪ್ರಕಾರ) ಕೇಳಿಸಿದರು. ‘ಈ ಗಾಯನ ಕೇಳಿ ನನ್ನ ಮನಸ್ಸು ಹೇಳಲಾಗದ ದುಃಖದಿಂದ ತುಂಬಿಹೋಯಿತು, ಸಂಗೀತದ ಶಕ್ತಿ ಅಪಾರ’ ಎಂದು ಬರೆದೆ. 10ಕ್ಕೆ 4 ಬಂತು. ‘ಸ್ವಂತದ್ದು ಇಲ್ಲ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ದುಃಖ ಆದದ್ದು ನನಗೇ ಅಲ್ಲವೇ?
ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ದುಃಖ ನಿಮ್ಮದೇ, ಅದರಲ್ಲಿ ಸಂಶಯವಿಲ್ಲ. ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ವಾಕ್ಯವನ್ನು ಮಾರವಾ ಬದಲು ದರಬಾರಿ ರಾಗಕ್ಕೆ ಹಚ್ಚಿ. ನಡೆಯುತ್ತದೆ. ಜೋಗಿಯಾ ರಾಗಕ್ಕೆ ಹಚ್ಚಿ. ಅದೂ ನಡೆಯುತ್ತದೆ. ಯಾವ ಹಾಡಿಗೆ ಹಚ್ಚಿದರೂ ಹತ್ತುವ ವಾಕ್ಯ ಅದು. ಹಾಗಿದ್ದಾಗ ನೀವು ಈ ಹಾಡನ್ನೇ ಕೇಳಿದ್ದೀರಿ ಅನ್ನುವುದು ಓದುವವರಿಗೆ ತಿಳಿಯುವುದು ಹೇಗೆ?

ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ಕೇಳಿ. ಎರಡನೇ ಸಲ ಕೇಳುವಾಗ ವಹಿಯ ಎಡಗಡೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಗೆರೆ ಎಳೆಯಿರಿ. ಮನಸ್ಸು ಅಲುಗಿದ ಕಡೆ, ಬೇಸರ ಬಂದ ಕಡೆ, ಉಸಿರು ಹಿಡಿದ ಕಡೆ ಮೊಬೈಲಿನಲ್ಲಿ ಕಾಣುವ ನಿಮಿಷ-ಸೆಕೆಂಡನ್ನು ಎಡಕ್ಕೆ ಬರೆಯಿರಿ, ಬಲಕ್ಕೆ ಎರಡೇ ಶಬ್ದ: ‘3:40, ಉಸಿರು ಹಿಡಿದೆ’, ‘9:15, ಅಕ್ಕನ ನೆನಪು’. ಪೂರ್ಣ ವಾಕ್ಯ ಬರೆಯಲು ಹೋದರೆ ಹಾಡು ನಿಮ್ಮನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಮೂರನೇ ಸಲ ಇಡೀ ಹಾಡು ಬೇಡ. ಗುರುತು ಹಾಕಿದ ಜಾಗಗಳಲ್ಲಿ ಮೂರನ್ನು ಆರಿಸಿ, ಪ್ರತಿಯೊಂದಕ್ಕೂ ಅರ್ಧ ನಿಮಿಷ ಹಿಂದೆ ಹೋಗಿ ಅಲ್ಲಿಂದ ಕೇಳಿ. ಹಿಂದೆ ಹೋಗುವುದು ಮುಖ್ಯ. ಕಣ್ಣು ತುಂಬಿದ್ದು 9:15ಕ್ಕೆ ಇರಬಹುದು, ತುಂಬಿಸಿದ ಕೆಲಸ ಶುರುವಾದದ್ದು 8:45ಕ್ಕೆ.

ಮಾರವಾದಲ್ಲಿ ಹೀಗೆ ಹುಡುಕಿದರೆ ಏನು ಸಿಗುತ್ತದೆ? ಆ ರಾಗದಲ್ಲಿ ಪಂಚಮ (ಪ) ಇಲ್ಲವೇ ಇಲ್ಲ. ಷಡ್ಜ (ಸಾ) ಇದೆ, ಆದರೆ ಅದರ ಮೇಲೆ ನಿಲ್ಲುವುದು ಕಡಿಮೆ. ಗಾಯಕರು ಕೋಮಲ ರೇ ಮೇಲೆ, ಶುದ್ಧ ಧ ಮೇಲೆ ನಿಲ್ಲುತ್ತಾರೆ, ಷಡ್ಜವನ್ನು ಮುಟ್ಟದೆ ಸುತ್ತುಹಾಕಿ ಹೋಗುತ್ತಾರೆ. ಪಂಚಮ ಇಲ್ಲದ್ದರಿಂದ ತಂಬೂರಿಯ ಮೊದಲ ತಂತಿಯನ್ನೂ ನಿಷಾದಕ್ಕೋ (ನಿ) ಧೈವತಕ್ಕೋ (ಧ) ಕೂಡಿಸಿರುತ್ತಾರೆ. ಕಾಲೂರುವ ನೆಲ ಎರಡೂ ಕಡೆ ಸಡಿಲ. ಇಷ್ಟು ತಿಳಿದ ಮೇಲೆ ನಿಮ್ಮ ವಾಕ್ಯವನ್ನು ಹೀಗೆ ತಿದ್ದಬಹುದು: ‘ಮೊದಲ ನಾಲ್ಕು ನಿಮಿಷ ಗಾಯಕರು ಸಾ ಮೇಲೆ ಇಳಿಯುತ್ತಾರೆ ಅಂತ ಕಾದೆ. ಪ್ರತಿ ಸಲ ರೇ ತನಕ ಬಂದು ನಿಂತರು. ಮನೆಯ ಹೊಸ್ತಿಲ ತನಕ ಬಂದು ಒಳಗೆ ಬಾರದವರನ್ನು ನೋಡಿದ ಹಾಗಾಯಿತು. ಕಡೆಗೆ ಸಾ ಬಂದಾಗ ಸಮಾಧಾನ ಆಗಬೇಕಿತ್ತು, ನನಗೆ ಅಳು ಬಂತು.’ ಇದರಲ್ಲಿ ದುಃಖ ಎಂಬ ಶಬ್ದವೇ ಇಲ್ಲ. ಈ ಮಾತನ್ನು ದರಬಾರಿಗೆ ಹಚ್ಚಲು ಬರುವುದಿಲ್ಲ. ಹೊಸ್ತಿಲಿನ ಹೋಲಿಕೆ ಕೂಡ ಕೇಳಿದ್ದನ್ನು ಹೇಳಿದ ಮೇಲೆ ಬಂದಿದೆ ನೋಡಿ. ಹೋಲಿಕೆ ಮೊದಲು ಬಂದರೆ ಅದು ಅಲಂಕಾರ ಆಗಿಬಿಡುತ್ತದೆ.

ಇನ್ನೊಂದು ಮಾತು. ‘ಇದು ಕರುಣ ರಸ’ ಎಂದು ಚೀಟಿ ಅಂಟಿಸಿ ಮುಗಿಸಬೇಡಿ. ನಾಟ್ಯಶಾಸ್ತ್ರದ ಭರತನ ಸೂತ್ರದಲ್ಲೂ ರಸ ಅನ್ನುವುದು ವಿಭಾವ (ಕಾರಣ), ಅನುಭಾವ (ಹೊರಗೆ ಕಾಣುವ ಪರಿಣಾಮ), ವ್ಯಭಿಚಾರಿ ಭಾವ (ಬಂದುಹೋಗುವ ಭಾವ) ಇವು ಕೂಡಿದಾಗ ಕೊನೆಗೆ ಹುಟ್ಟುವಂಥದ್ದು. ಕೂಡಿದ್ದು ಏನೇನು ಅನ್ನುವುದನ್ನು ಬಿಟ್ಟು ಹುಟ್ಟಿದ್ದರ ಹೆಸರು ಮಾತ್ರ ಬರೆದರೆ ಬರೆಯುವ ಕೆಲಸ ಇನ್ನೂ ಶುರುವೇ ಆಗಿಲ್ಲ.

ಪ್ರಶ್ನೆ: ನಾನು ವಾಣಿಜ್ಯ ವಿಭಾಗದವನು. ರಾಗ, ತಾಲ ಒಂದೂ ಗೊತ್ತಾಗುವುದಿಲ್ಲ. ನಲವತ್ತು ನಿಮಿಷದ ಹಾಡಿನಲ್ಲಿ ನಾನು ಹಿಡಿಯುವುದಾದರೂ ಏನನ್ನು?
ಬಿ.ಕಾಂ. ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ‘ಸಮ’ವನ್ನು ಹಿಡಿಯಿರಿ. ಆವರ್ತನದ, ಅಂದರೆ ತಾಲದ ಒಂದು ಸುತ್ತಿನ, ಮೊದಲ ಮಾತ್ರೆ (ಎಣಿಕೆ) ಅದು, ಹಾಡಿನ ಪಲ್ಲವಿಯ ಮಾತು ಬಂದು ಕೂಡುವ ಜಾಗ. ನಿಮ್ಮ ಭಾಗದ್ದೇ ಆದ ಕಿರಾಣಾ ಘರಾಣೆಯ ಶೈಲಿಯಲ್ಲಿ, ಅಂದರೆ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಇವರ ಪರಂಪರೆಯಲ್ಲಿ, ಬಡಾ ಖ್ಯಾಲ್ (ಮೊದಲು ಹಾಡುವ ನಿಧಾನದ ಖ್ಯಾಲ್) ಹೆಚ್ಚಾಗಿ 12 ಮಾತ್ರೆಯ ವಿಲಂಬಿತ (ನಿಧಾನ ಲಯದ) ಏಕತಾಲದಲ್ಲಿ ಇರುತ್ತದೆ. ಎಷ್ಟು ನಿಧಾನ ಅಂದರೆ ಒಂದು ಆವರ್ತನ ಮುಗಿಯಲು ಒಂದು ನಿಮಿಷದ ಹತ್ತಿರ ಹಿಡಿಯಬಹುದು. ಬೆರಳು ಮಡಿಚಿ ಎಣಿಸುತ್ತ ಕೂತರೆ ಐದನೆಯದಕ್ಕೇ ತಪ್ಪುತ್ತದೆ, ಹೊಸಬರೆಲ್ಲರಿಗೂ ತಪ್ಪುತ್ತದೆ.

ಎಣಿಸಬೇಡಿ, ತಬಲಾದ ಬೋಲ್ (ಪೆಟ್ಟಿನ ಸದ್ದಿನ ಹೆಸರು) ಕೇಳಿ: ಧಿಂ ಧಿಂ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧೀ ನಾ. ಇದರಲ್ಲಿ ‘ತಿರಕಿಟ’ ಅನ್ನುವ ಚುರುಕಾದ ಸದ್ದು ಎರಡು ಸಲ ಬರುತ್ತದೆ, ನಾಲ್ಕನೇ ಮಾತ್ರೆಗೆ ಒಮ್ಮೆ, ಹತ್ತನೆಯದಕ್ಕೆ ಒಮ್ಮೆ. ಮೊದಲ ತಿರಕಿಟದ ನಂತರ ಡಗ್ಗಾದ (ಎಡಗೈಯ ದೊಡ್ಡ ತಬಲಾದ) ಗುಂಯ್‌ ನಾದ ಇರುವುದಿಲ್ಲ, ‘ತೂ ನಾ’ ಒಣದಾಗಿ ಕೇಳುತ್ತದೆ. ಎರಡನೇ ತಿರಕಿಟದ ನಂತರ ‘ಧೀ’ಯಲ್ಲಿ ಡಗ್ಗಾ ತುಂಬಿ ಬರುತ್ತದೆ, ಆಮೇಲೆ ಒಂದು ‘ನಾ’, ಅದಾದ ಮೇಲಿನದೇ ಸಮ. ಗಾಯಕರು ಆ ಹೊತ್ತಿಗೆ ಎಲ್ಲೋ ದೂರ ಆಲಾಪದಲ್ಲಿ ಇರುತ್ತಾರೆ. ಎರಡನೇ ತಿರಕಿಟ ಬಿದ್ದ ಕೂಡಲೇ ಮುಖಡಾ (ಪಲ್ಲವಿಯ ಮೊದಲ ಮಾತು) ಎತ್ತಿಕೊಂಡು ಸರಿಯಾಗಿ ಸಮಕ್ಕೆ ಬಂದು ಇಳಿಯುತ್ತಾರೆ. ಸಭೆಯಲ್ಲಿ ತಲೆಗಳು ಒಟ್ಟಿಗೆ ತೂಗುವುದು ಅಲ್ಲೇ. ಹತ್ತು ಆವರ್ತನ ಇದನ್ನೊಂದನ್ನೇ ಹಿಂಬಾಲಿಸಿದರೆ ಹನ್ನೊಂದನೆಯದಕ್ಕೆ ನಿಮ್ಮ ತಲೆಯೂ ತೂಗುತ್ತದೆ. ‘ಯಾವ ನಿಮಿಷಕ್ಕೆ ನನಗೆ ಸಮ ಮೊದಲು ತಿಳಿಯಿತು, ಅದಕ್ಕೂ ಮುಂಚೆ ಕೇಳಿದ್ದಕ್ಕೂ ಆಮೇಲೆ ಕೇಳಿದ್ದಕ್ಕೂ ಏನು ಫರಕು’ ಅನ್ನುವುದೇ ನಿಮ್ಮ ಟಿಪ್ಪಣಿಗೆ ವಿಷಯವಾಗಬಹುದು. ರಾಗದ ಹೆಸರು ಬೇಕಿಲ್ಲ. ಮಲ್ಲಿಕಾರ್ಜುನ ಮನಸೂರರ ಜಯಪುರ-ಅತ್ರೌಲಿ ಘರಾಣೆಯ ಗಾಯನ ಹಚ್ಚಿದರೆ ಲಯ ಇಷ್ಟು ನಿಧಾನ ಇರುವುದಿಲ್ಲ, ಸಮ ಬೇಗ ಬೇಗ ಬರುತ್ತದೆ. ಹೊಸಬರಿಗೆ ಅದು ಸುಲಭ ಅನಿಸಬಹುದು, ಆದರೆ ತಾನುಗಳ (ವೇಗದ ಸ್ವರಗಳ ಸಾಲುಗಳ) ಹೆಣಿಗೆ ಬಿಗಿ.

ರಾಗದ ರುಚಿ ನೋಡಬೇಕೆಂದರೆ ಭೂಪ ಮತ್ತು ದೇಸಕಾರ ಎರಡನ್ನೂ ಒಂದರ ಹಿಂದೊಂದು ಹತ್ತು-ಹತ್ತು ನಿಮಿಷ ಕೇಳಿ. ಎರಡಕ್ಕೂ ಅವೇ ಐದು ಸ್ವರ: ಸಾ ರೇ ಗ ಪ ಧ. ಭೂಪದ ವಾದಿ (ಮುಖ್ಯ ಸ್ವರ) ಗಂಧಾರ (ಗ), ದೇಸಕಾರದ್ದು ಧೈವತ (ಧ). ಒಂದು ಸಂಜೆಯ ರಾಗ, ಇನ್ನೊಂದು ಬೆಳಗಿನದು. ಒಂದು ಕೆಳಗೆ ಕೂತು ಮಾತಾಡಿದ ಹಾಗೆ, ಇನ್ನೊಂದು ಮೇಲೆ ನಿಂತು ಕರೆದ ಹಾಗೆ ಅಂತ ನಮಗೆ ಅನಿಸುತ್ತದೆ. ನಿಮಗೆ ಬೇರೆ ಅನಿಸಿದರೆ ಬೇರೆಯೇ ಬರೆಯಿರಿ.

ಒಂದು ಎಚ್ಚರಿಕೆ ಮಾತ್ರ ತಪ್ಪಿಸಬೇಡಿ. ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ಬರೆಯಬೇಡಿ. ಕಾಳಿ 1ರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವವರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಖರ್ಜದ (ಕೆಳಗಿನ ಸಾ) ತಂತಿ ಅದರ ಅರ್ಧ, 69ರ ಹತ್ತಿರ. ಅಷ್ಟು ಕೆಳಗಿನ ನಾದವನ್ನು ಆ ಪುಟ್ಟ ಸ್ಪೀಕರ್ ಹೊರಡಿಸಲಾರದು. ಮೇಲಿನ ಅನುನಾದಗಳಿಂದ ಕಿವಿ ಸ್ವರವನ್ನು ಊಹಿಸಿಕೊಳ್ಳುತ್ತದೆ, ತೂಕ ಸಿಗುವುದಿಲ್ಲ. ಡಗ್ಗಾದ ಗುಂಯ್ ಕೂಡ ಸರಿಯಾಗಿ ಕೇಳದು. ಮೇಲೆ ಹೇಳಿದ ಗುರುತೆಲ್ಲ ಆಗ ವ್ಯರ್ಥ. ನೂರಿನ್ನೂರು ರೂಪಾಯಿಯ ವಯರಿನ ಇಯರ್‌ಫೋನ್ ಸಾಕು, ದನಿ ಅರ್ಧಕ್ಕೆ ಇಡಿ.

ಪ್ರಶ್ನೆ: ಗಂಗೂಬಾಯಿ ಹಾನಗಲ್ಲರ ಹಾಡು ಕೇಳಿದಾಗ ಮೊದಲು ಗಂಡಸರು ಹಾಡುತ್ತಿದ್ದಾರೆ ಅಂದುಕೊಂಡೆ. ಹಾಗಂತ ಬರೆದರೆ ಅಗೌರವ ಆಗುತ್ತದೆಯೇ?
ಪದವಿ ವಿದ್ಯಾರ್ಥಿನಿ, ಕಲಘಟಗಿ

ಉತ್ತರ: ಆಗುವುದಿಲ್ಲ. ಮೊದಲ ಅನಿಸಿಕೆಯನ್ನು ಇದ್ದ ಹಾಗೆ ಬರೆಯುವುದೇ ಪ್ರಾಮಾಣಿಕತೆ. ಆದರೆ ಅಲ್ಲಿಗೇ ನಿಂತರೆ ಅದು ಗುರುತು ಹಿಡಿಯುವಲ್ಲಿ ಆದ ತಪ್ಪು ಅಷ್ಟೇ ಆಗುತ್ತದೆ. ಅವರ ದನಿ ಮೊದಲಿನಿಂದ ಹಾಗಿರಲಿಲ್ಲ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳು, ಎತ್ತರ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅದು ಗಡುಸಾಯಿತು. ಹಳೆಯದೊಂದು, ನಂತರದ್ದೊಂದು ಧ್ವನಿಮುದ್ರಿಕೆ ಇಟ್ಟುಕೊಂಡು ಕೇಳಿ. ಹಳೆಯದನ್ನು ಕೇಳುವಾಗ ಒಂದು ನೆನಪಿರಲಿ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಯುತ್ತಿತ್ತು. ಅಲ್ಲಿ ಅವಸರ ಕಂಡರೆ ಅದು ಗಾಯಕಿಯ ಸ್ವಭಾವವಲ್ಲ, ತಟ್ಟೆಯ ಅಳತೆ.

ಆಮೇಲೆ ‘ಗಂಡುದನಿ’ ಎಂಬ ಶಬ್ದವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಕೇಳಿದ್ದನ್ನು ಬರೆಯಿರಿ. ಸ್ವರಕ್ಕೆ ನೇರವಾಗಿ ಹೋಗಿ ನಿಲ್ಲುತ್ತಾರೋ ಜಾರಿಕೊಂಡು ಹೋಗುತ್ತಾರೋ? ಒಂದು ಸ್ವರದಿಂದ ಮುಂದಿನದಕ್ಕೆ ಎಷ್ಟು ಹೊತ್ತು ಹೋಗದೇ ಉಳಿಯುತ್ತಾರೆ? ಮಂದ್ರಕ್ಕೆ (ಕೆಳಗಿನ ಸ್ಥಾಯಿಗೆ) ಇಳಿದಾಗ ನಿಮ್ಮ ಮೈ ಏನು ಮಾಡಿತು? ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತರು ಅನ್ನುವುದು ದೊಡ್ಡ ಮಾತೇ. ಆದರೆ ಅದು ನಿಮ್ಮ ಕಿವಿಗೆ ಬಿದ್ದದ್ದಲ್ಲ. 400 ಶಬ್ದದ ಟಿಪ್ಪಣಿಯಲ್ಲಿ ಜೀವನಚರಿತ್ರೆಗೆ ಎರಡು ಸಾಲು ಬಹಳ. ತಿದ್ದುವಾಗ ನಮಗೆ ಸಿಗುವ ಟಿಪ್ಪಣಿಗಳಲ್ಲಿ ಅರ್ಧಕ್ಕರ್ಧ ಹುಟ್ಟಿದ ಊರು, ಗುರು, ಪ್ರಶಸ್ತಿಗಳಲ್ಲೇ ಮುಗಿದುಹೋಗಿರುತ್ತವೆ. ನೋವಾಗುವುದು ಅಲ್ಲಿ.

ಪ್ರಶ್ನೆ: ನಮ್ಮ ಹುಡುಗಿ ಬಿ.ಎ. ಓದಾಕತ್ತಾಳ್ರಿ. ಸಂಜೀಮುಂದ ಕಿವಿಗೆ ವಯರ್ ಸಿಗಿಸ್ಕೊಂಡು ಒಂದಽ ಹಾಡು ಮತ್ತ ಮತ್ತ ಕೇಳ್ಕೋತ ಕುಂಡ್ರತಾಳ. ಯಾಕವಾ ಅಂದ್ರ ‘ಅಭ್ಯಾಸ ಮಾಡಾಕತ್ತೀನಿ’ ಅಂತಾಳ. ಇದು ಅಭ್ಯಾಸ ಹೌದೇನ್ರಿ?
ಒಬ್ಬ ತಾಯಿ, ಹಾವೇರಿ

ಉತ್ತರ: ಹೌದ್ರಿ ಅಕ್ಕಾರ, ಮಗ್ಗಲದಾಗ ವಹಿ ಇದ್ರ ಅಭ್ಯಾಸನಽ. ವಹಿ ತೋರ್ಸು ಅನ್ರಿ. ಎಡಗಡೆ ನಿಮಿಷ-ಸೆಕೆಂಡ್ ಬರದಿದ್ರ ಕೂಸು ಕೆಲಸದಾಗ ಐತಿ ಅಂತ ತಿಳಕೋರಿ. ನಲವತ್ತು ನಿಮಿಷ ಆದ ಮ್ಯಾಲೆ ಕಿವಿಗೆ ಒಂದು ಹತ್ತು ನಿಮಿಷ ಬಿಡುವು ಕೊಡ್ಸ್ರಿ. ‘ನಿನಗ ಭಾಳ ಹಿಡಿಸಿದ ಜಾಗಾ ನನಗೂ ಕೇಳ್ಸು’ ಅಂತ ಒಮ್ಮೆ ಮಗ್ಗಲಕ ಕುಂಡ್ರಿ. ಯಾಕ ಹಿಡಿಸ್ತು ಅಂತ ನಿಮಗ ತಿಳಿಯೂಹಂಗ ಬಾಯಿಲೆ ಹೇಳಾಕ ಬಂತಂದ್ರ, ಬರಿಯಾಕೂ ಬರತೈತಿ.

ಪ್ರಶ್ನೆ: ಚಿತ್ರಕಲೆಯ ಬಗ್ಗೆ ಬರೆಯಬೇಕು. ನೋಡಿದ ಚಿತ್ರಗಳೆಲ್ಲ ಮೊಬೈಲಿನಲ್ಲಿ ನೋಡಿದವೇ. ಊರಲ್ಲಿ ದೊಡ್ಡ ಗ್ಯಾಲರಿ ಇಲ್ಲ. ಎಲ್ಲಿ ನೋಡಲಿ, ಹೇಗೆ ನೋಡಲಿ?
ಬಿ.ಇಡಿ. ವಿದ್ಯಾರ್ಥಿ, ಗದಗ ತಾಲೂಕು

ಉತ್ತರ: ಮೊಬೈಲಿನ ಚಿತ್ರದಲ್ಲಿ ಮೊದಲು ಹೋಗುವುದು ಅಳತೆ. ಆಳೆತ್ತರದ ಚಿತ್ರವೂ ಅಂಗೈಯಗಲದ ಚಿತ್ರವೂ ಅಲ್ಲಿ ಒಂದೇ. ಆಮೇಲೆ ಮೈ ಹೋಗುತ್ತದೆ. ಎಣ್ಣೆಬಣ್ಣ ದಪ್ಪಗೆ ಎದ್ದು ನಿಂತದ್ದು, ಜಲವರ್ಣದಲ್ಲಿ ಕಾಗದದ ಬಿಳಿಯನ್ನೇ ಬೆಳಕಾಗಿ ಉಳಿಸಿಕೊಂಡದ್ದು, ಎರಡೂ ಕಾಣವು. ಆದ್ದರಿಂದ ಎದುರಿಗೆ ನಿಂತು ನೋಡಬಹುದಾದ ಒಂದನ್ನು ಹುಡುಕಿ. ಗದಗಿನಲ್ಲೇ ಕಲಾವಿದ ಟಿ.ಪಿ. ಅಕ್ಕಿಯವರು ಕಟ್ಟಿದ ಚಿತ್ರಕಲಾ ಶಾಲೆ, ವಿಜಯ ಕಲಾ ಮಂದಿರ ಇದೆ, ವಿದ್ಯಾರ್ಥಿಗಳ ಪ್ರದರ್ಶನ ಇಟ್ಟಾಗ ಹೋಗಿ. ಅದೂ ಆಗದಿದ್ದರೆ ಮನೆಯ ಜಗಲಿಯ ಮೇಲೆ, ಹಳೆಯ ಅಂಗಡಿಯ ಗಲ್ಲಾದ ಹಿಂದೆ ತೂಗುಹಾಕಿದ ರವಿವರ್ಮನ ಲಕ್ಷ್ಮಿ ಅಥವಾ ಸರಸ್ವತಿ ಸಾಕು. ಅಸಡ್ಡೆ ಬೇಡ, ಅದು ಒಳ್ಳೆಯ ಪಾಠ.

ಅದು ಬಣ್ಣ ಬಳಿದ ಚಿತ್ರವಲ್ಲ, ಅಚ್ಚು ಅನ್ನುವುದರಿಂದ ಶುರುಮಾಡಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣದ ಪ್ರೆಸ್ ತೆರೆದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಅದೇ ಹಾಳೆ ಮತ್ತೆ ಮತ್ತೆ ಕಲ್ಲಿನ ಮೇಲೆ ಹೋಗಬೇಕು, ಕಡೆಗೆ ಮೇಲೆ ವಾರ್ನಿಷ್. ನಿಮ್ಮ ಮನೆಯದ್ದು ಅಂಥ ಹಳೆಯ ಅಚ್ಚೋ ಈಚಿನ ಆಫ್‌ಸೆಟ್ಟೋ ನೋಡಬೇಕೆಂದರೆ ಗಡಿಯಾರ ರಿಪೇರಿಯವರ ಹತ್ತಿರ ಇರುವಂಥ ಭೂತಗನ್ನಡಿ ಹಿಡಿಯಿರಿ. ಕೆನ್ನೆಯ ಬಣ್ಣದಲ್ಲಿ ಚುಕ್ಕಿಗಳು ಸಾಲಾಗಿ, ಅಳೆದಿಟ್ಟ ಹಾಗೆ ಕಂಡರೆ ಆಫ್‌ಸೆಟ್. ಒಂದರ ಹಾಗೆ ಒಂದಿಲ್ಲದ, ಮರಳು ಚೆಲ್ಲಿದಂಥ ಕಾಳುಗಳು ಕಂಡರೆ ಕಲ್ಲಿನದು. ಕೆಲವು ಮನೆಗಳಲ್ಲಿ ಸೀರೆಗೆ ನಿಜವಾದ ಬಟ್ಟೆ, ಜರಿ, ಚಮಕಿ ಅಂಟಿಸಿರುತ್ತಾರೆ. ಅದನ್ನು ದೋಷ ಅಂತ ಬಿಟ್ಟುಬಿಡಬೇಡಿ. ಅಂಟಿಸಿದವರ ಸ್ಪಂದನೆ ಅದು, ಬರೆಯದೆ ಮಾಡಿದ್ದು.

ನೋಡುವುದಕ್ಕೆ ಹತ್ತು ನಿಮಿಷ ಟೈಮರ್ ಇಡಿ. ಮೂರನೇ ನಿಮಿಷಕ್ಕೆ ‘ಎಲ್ಲ ನೋಡಿಯಾಯಿತು’ ಅನಿಸುತ್ತದೆ. ಅಲ್ಲಿಂದ ಮುಂದೆಯೇ ನಿಜವಾದ ನೋಟ, ಏಳಬೇಡಿ. ವಹಿಯಲ್ಲಿ ಚಿತ್ರದ ಆಕಾರದ್ದೇ ಒಂದು ಚೌಕ ಬರೆದು, ಕಣ್ಣು ಮೊದಲು ಎಲ್ಲಿ ಹೋಯಿತು, ಆಮೇಲೆ ಎಲ್ಲಿ ಅನ್ನುವುದನ್ನು 1, 2, 3 ಅಂತ ಗುರುತಿಸಿ. ಕಣ್ಣನ್ನು ಕಿರಿದು ಮಾಡಿ ನೋಡಿ. ವಿವರಗಳು ಮಸುಕಾಗಿ ಕತ್ತಲು-ಬೆಳಕಿನ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ, ಕಣ್ಣನ್ನು ಎಳೆದದ್ದು ಬಣ್ಣವೋ ಬೆಳಕೋ ಆಗ ಗೊತ್ತಾಗುತ್ತದೆ. ನೆರಳುಗಳು ಯಾವ ಕಡೆ ಬಿದ್ದಿವೆ ನೋಡಿ ಬೆಳಕು ಬಂದ ದಿಕ್ಕು ಬರೆಯಿರಿ. ಕೊನೆಗೆ ಅಂಗೈ ಅಡ್ಡ ಹಿಡಿದು ಒಂದೊಂದೇ ಭಾಗವನ್ನು ಮುಚ್ಚಿ. ಹಂಸವನ್ನು ಮುಚ್ಚಿದರೆ ಚಿತ್ರ ವಾಲುತ್ತದೆಯೇ? ಕೈಯೊಂದನ್ನು ಮುಚ್ಚಿದರೆ ಮುಖದ ಭಾವ ಬದಲಾಗುತ್ತದೆಯೇ? ಯಾವುದನ್ನು ಮುಚ್ಚಿದಾಗ ನಿಮಗೆ ಕಸಿವಿಸಿ ಆಗುತ್ತದೋ ನಿಮ್ಮ ಅನಿಸಿಕೆಯ ಬೇರು ಅಲ್ಲಿದೆ. ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿದ್ದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲಿ. ಅಳತೆಯನ್ನು ಗೇಣಿನಲ್ಲಾದರೂ ಬರೆದುಕೊಳ್ಳಿ.

ಶಿಲ್ಪದ ಬಗ್ಗೆ ಬರೆಯುವ ಅವಕಾಶ ಇದ್ದರೆ ನಿಮ್ಮಷ್ಟು ಭಾಗ್ಯವಂತರು ಕಡಿಮೆ. ಗದಗಿನಿಂದ 12 ಕಿ.ಮೀ. ಆಚೆ ಲಕ್ಕುಂಡಿ. ಅಲ್ಲಿಯ ಕಾಶಿವಿಶ್ವನಾಥ ಗುಡಿಯ ಬಾಗಿಲವಾಡವನ್ನು ಬೆಳಿಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಹನ್ನೆರಡಕ್ಕೊಮ್ಮೆ ನೋಡಿ. ಅಡ್ಡ ಬೆಳಕಿನಲ್ಲಿ ಬಳ್ಳಿಯ ಪ್ರತಿ ಸುರುಳಿಗೂ ತನ್ನದೇ ನೆರಳಿರುತ್ತದೆ. ನೆತ್ತಿಯ ಬೆಳಕಿನಲ್ಲಿ ಅದೇ ಕೆತ್ತನೆ ಚಪ್ಪಟೆ. ಬಳಪದ ಕಲ್ಲಿನ ಜಾತಿಯ ಆ ಮೆತ್ತನೆಯ ಕಲ್ಲು ಅಷ್ಟು ಸೂಕ್ಷ್ಮ ಕೆಲಸಕ್ಕೆ ಒಗ್ಗಿತು. ಕಂಬಗಳನ್ನಂತೂ ಚರಕಿಗೆ (ತಿರುಗಿಸಿ ಕಡೆಯುವ ಸಾಧನಕ್ಕೆ) ಹಿಡಿದು ತಿರುವಿದ್ದಾರೆ, ಉಂಗುರದಂಥ ಗೆರೆಗಳ ಮೇಲೆ ಬೆಳಕು ಜಾರುವುದನ್ನು ನೋಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗಿನ ನಾಲ್ಕು ಮುಖದ ಬ್ರಹ್ಮನ ಮುಂದೆ ಬಿಸಿಲಿನಿಂದ ಬಂದವರೇ ನಿಂತುಬಿಡಬೇಡಿ. ಕಣ್ಣು ಕತ್ತಲಿಗೆ ಹೊಂದಲು ಐದಾರು ನಿಮಿಷ ಬೇಕು. ಬಹಳ ಜನ ‘ಅಂಥದ್ದೇನೂ ಕಾಣಲಿಲ್ಲ’ ಅಂತ ಬರೆಯುವುದು ಆ ಐದು ನಿಮಿಷ ಕಾಯದ್ದಕ್ಕೆ. ಎರಡು ಹೊತ್ತಿನ ಎರಡು ಟಿಪ್ಪಣಿ ಪಕ್ಕಪಕ್ಕ ಇಟ್ಟರೆ ಅದೇ ಒಂದು ಪೂರ್ಣ ಬರಹ.

ಪ್ರಶ್ನೆ: ಅಜ್ಜಿಯ ಕಸೂತಿ ಸೀರೆಯ ಬಗ್ಗೆ ಬರೆದರೆ ‘ಚಿತ್ರ’ದ ಲೆಕ್ಕಕ್ಕೆ ಹಿಡಿಯುತ್ತಾರೆಯೇ?
ವಿದ್ಯಾರ್ಥಿನಿ, ನವಲಗುಂದ

ಉತ್ತರ: ನಿಮ್ಮ ಅಧ್ಯಾಪಕರನ್ನು ಕೇಳಿಕೊಳ್ಳಿ, ನಾವಾದರೆ ಸಂತೋಷದಿಂದ ಹಿಡಿಯುತ್ತೇವೆ. ಸೀರೆಯನ್ನು ತಿರುವಿ ಹಿಂಬದಿಯಿಂದ ಶುರುಮಾಡಿ. ಕಸೂತಿಯ ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ. ಸೂಜಿ ಒಂದು ಮನೆ (ಎಣಿಸಿದ ಎಳೆಗಳಷ್ಟು ಜಾಗ) ಬಿಟ್ಟು ಒಂದು ಮನೆ ಹೋಗಿ, ಮರಳಿ ಬರುವಾಗ ಬಿಟ್ಟ ಮನೆ ತುಂಬುತ್ತದೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಓಡುತ್ತದೆ, ಅದಕ್ಕೂ ಎರಡೂ ಮೈ ಒಂದೇ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಅದರ ಹಿಂಬದಿ ಮುಂದಿನ ಥರ ಇರುವುದಿಲ್ಲ. ಮೆಂತೆಯದು ಅಡ್ಡಗತ್ತರಿ. ಬಟ್ಟೆಯ ಮೇಲೆ ಮೊದಲು ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುವ ಕೆಲಸ ಇದು, ಆದ್ದರಿಂದ ಎಣಿಕೆ ತಪ್ಪಿದರೆ ಗೋಪುರದ ಚಿತ್ತಾರ ಒಂದು ಕಡೆ ಅರ್ಧ ಮನೆ ಜರುಗಿರುತ್ತದೆ. ಅಂಥದ್ದೊಂದು ಜಾಗ ಸಿಕ್ಕರೆ ಅಜ್ಜಿ ಅದನ್ನು ಹೇಗೆ ಸರಿದೂಗಿಸಿದ್ದಾರೆ ಅಂತ ನೋಡಿ ಬರೆಯಿರಿ. ‘ನಮ್ಮ ಸಂಸ್ಕೃತಿಯ ಹೆಮ್ಮೆ’ ಎಂಬ ಮಾತಿನ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ಇಷ್ಟವಾಗಲಿಲ್ಲ, ನಿದ್ದೆ ಬಂತು ಅಂತ ಬರೆಯಬಹುದೇ? ಧಾರವಾಡ ಕಡೆ ಭಾಷೆಯಲ್ಲೇ ಬರೆಯಬಹುದೇ?
ವಿದ್ಯಾರ್ಥಿ, ಶಿಗ್ಗಾವಿ

ಉತ್ತರ: ಎರಡೂ ಬರೆಯಬಹುದು. ನಿದ್ದೆ ಯಾವ ನಿಮಿಷಕ್ಕೆ ಬಂತು, ಅದಕ್ಕೆ ಮುಂಚೆ ಏನು ನಡೆದಿತ್ತು, ಹಾಡಿನದೋ ಹಿಂದಿನ ರಾತ್ರಿಯ ಜಾಗರಣೆಯದೋ ಅನ್ನುವುದೂ ಬರಲಿ. ಭಾಷೆಯ ವಿಷಯಕ್ಕೆ, ಮೊದಲ ಟಿಪ್ಪಣಿಯಂತೂ ಮನೆಮಾತಿನಲ್ಲೇ ಇರಲಿ. ಬೇಂದ್ರೆಯವರು ಕಾವ್ಯ ಬರೆದ ಮಾತು ಅದು, ಅನಿಸಿಕೆಗೆ ಸಾಲದೇ? ಪರೀಕ್ಷೆಗೆ ಗ್ರಂಥಭಾಷೆ ಕೇಳಿದರೆ ಆಮೇಲೆ ತಿದ್ದಿಕೊಳ್ಳಿ. ಮೊದಲೇ ಗ್ರಂಥಭಾಷೆಯಲ್ಲಿ ಕೂತರೆ ‘ಮನಸ್ಸಿಗೆ ಮುದ ನೀಡಿತು’ ತಾನಾಗಿ ಬಂದು ಕೂಡುತ್ತದೆ.

ಪ್ರಶ್ನೆ: ಸಿನಿಮಾ ಬಗ್ಗೆ ಬರೆದರೆ ‘ಕಥೆ ಬರೆದಿದ್ದೀರಿ’ ಅನ್ನುತ್ತಾರೆ. ಕಥೆ ಬಿಟ್ಟರೆ ಸಿನಿಮಾದಲ್ಲಿ ಬರೆಯುವುದೇನು?
ಪದವಿ ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಮೂರು ನಿಮಿಷದ ಒಂದು ದೃಶ್ಯ ಸಾಕು. ಸಿನಿಮಾವನ್ನು ಒಮ್ಮೆ ಎಲ್ಲೂ ನಿಲ್ಲಿಸದೆ ನೋಡಿ. ಮಾರನೇ ದಿನ ನೆನಪಿನಲ್ಲಿ ಉಳಿದ ದೃಶ್ಯ ಯಾವುದೋ ಅದನ್ನೇ ಆರಿಸಿ, ‘ಮುಖ್ಯವಾದ ದೃಶ್ಯ’ ಬೇಡ. ಅದನ್ನು ನಾಲ್ಕು ಸಲ ನೋಡಿ. ಒಮ್ಮೆ ಕಟ್ ಆದಾಗಲೆಲ್ಲ (ಒಂದು ಶಾಟ್, ಅಂದರೆ ತಡೆಯಿಲ್ಲದ ತುಣುಕು, ಮುಗಿದು ಇನ್ನೊಂದು ಬಂದಾಗಲೆಲ್ಲ) ವಹಿಯಲ್ಲಿ ಒಂದು ಗೀಟು ಹಾಕುತ್ತ. 180 ಸೆಕೆಂಡಿನಲ್ಲಿ 5 ಕಟ್ ಇದ್ದರೆ 6 ಶಾಟ್, ಒಂದೊಂದಕ್ಕೆ ಸರಾಸರಿ ಅರ್ಧ ನಿಮಿಷ. 44 ಕಟ್ ಇದ್ದರೆ 45 ಶಾಟ್, ನಾಲ್ಕೇ ಸೆಕೆಂಡು. ಉಸಿರು ಕಟ್ಟಿದ್ದು ನಟನೆಯಿಂದಲೋ ಈ ಲೆಕ್ಕದಿಂದಲೋ ಅಂತ ಆಗ ಪ್ರಶ್ನೆ ಹುಟ್ಟುತ್ತದೆ. ಎರಡನೇ ಸಲ ಕ್ಯಾಮೆರಾ ಯಾರ ಕಣ್ಣಿನ ಎತ್ತರದಲ್ಲಿದೆ ಅಂತ ನೋಡಿ. ಮೂರನೇ ಸಲ ಸದ್ದು ತೆಗೆದು ನೋಡಿ, ನಾಲ್ಕನೇ ಸಲ ಕಣ್ಣು ಮುಚ್ಚಿ ಕೇಳಿ.

ಗಿರೀಶ ಕಾಸರವಳ್ಳಿಯವರ 1977ರ ಕಪ್ಪು-ಬಿಳುಪು ಚಿತ್ರ ‘ಘಟಶ್ರಾದ್ಧ’ ಇದಕ್ಕೆ ತಕ್ಕದ್ದು. ನಾಣಿ ಎಂಬ ಹುಡುಗನ ಕಣ್ಣಿನಿಂದ ಅದು ನಡೆಯುತ್ತದೆ. ಕ್ಯಾಮೆರಾ ಎಲ್ಲಿ ಅವನ ಜೊತೆ ಇದೆ, ಎಲ್ಲಿ ಅವನಿಗೆ ತಿಳಿಯದ್ದನ್ನು ನಮಗೆ ತಿಳಿಸುತ್ತದೆ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಒಂದು ದೃಶ್ಯ ನೋಡಿ. ಕಥೆಗೆ ಮೂರು ಸಾಲು ಸಾಕಾಗುತ್ತದೆ. ಟಿವಿಯಲ್ಲಿ ನೋಡುವುದಾದರೆ ಪರದೆ ತುಂಬಲೆಂದು ಝೂಮ್ ಮಾಡಬೇಡಿ, ಮೇಲೆ-ಕೆಳಗೆ ಚಿತ್ರ ಕತ್ತರಿಸಿಹೋಗುತ್ತದೆ. ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇರುತ್ತದೆ, ಅದನ್ನು ಬಂದ್ ಮಾಡಿ. ಸೆಕೆಂಡಿಗೆ 24 ಚೌಕಟ್ಟಿನಲ್ಲಿ ತೆಗೆದ ಚಿತ್ರಕ್ಕೆ ಅದು ನಡುವೆ ಇಲ್ಲದ ಚೌಕಟ್ಟುಗಳನ್ನು ಸೇರಿಸಿ ಧಾರಾವಾಹಿಯ ಹಾಗೆ ಕಾಣಿಸುತ್ತದೆ.

ಪ್ರಶ್ನೆ: ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸಂಗೀತದ ಟಿಪ್ಪಣಿ ಬರೆದೆ. ಸಿನಿಮಾದ ಟಿಪ್ಪಣಿಯಿಂದ ನನಗೆ ವಿನಾಯಿತಿ ಕೊಡುತ್ತೇವೆ ಅಂದರು. ನನಗೆ ವಿನಾಯಿತಿ ಬೇಡ. ನಾನು ಸಿನಿಮಾಕ್ಕೆ ಹೋಗುತ್ತೇನೆ, ನನಗೆ ಅದು ಸೇರುತ್ತದೆ. ಹೇಗೆ ಬರೆಯಲಿ?
ಸಂಗೀತ ವಿದ್ಯಾರ್ಥಿ, ಗದಗ

ಉತ್ತರ: ಬರೆಯಿರಿ. ಪುಟ್ಟರಾಜ ಗವಾಯಿಗಳ ಊರಿನಲ್ಲಿ ಕಿವಿಯಿಂದ ಏನೇನು ಸಾಧ್ಯ ಅನ್ನುವುದನ್ನು ನಿಮಗೆ ನಾವು ಹೇಳಬೇಕಿಲ್ಲ. ಮೇಲಿನ ಉತ್ತರದಲ್ಲಿ ಕಣ್ಣಿರುವವರಿಗೂ ಕಣ್ಣು ಮುಚ್ಚಿ ಕೇಳಲು ಹೇಳಿದ್ದೇವೆ. ಅವರು ಅಲ್ಲಿ ನಿಮ್ಮಿಂದ ಕಲಿಯಬೇಕು.

ಮೊದಲು ದೂರವನ್ನು ಕೇಳಿ. ಪಾತ್ರ ನಡೆದುಹೋಗುವಾಗ ಹೆಜ್ಜೆ ಸಣ್ಣದಾಗುತ್ತದೆ, ಮಾತು ಮಾತ್ರ ಕಿವಿಯ ಹತ್ತಿರವೇ ಉಳಿದಿದೆಯೇ? ಹಾಗಾದರೆ ಆ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡಿರುವ ಸಾಧ್ಯತೆ ಹೆಚ್ಚು. ಜಾಗದಲ್ಲೇ ಮುದ್ರಿಸಿದ ಮಾತಿಗೆ ಕೋಣೆಯ ಗುಣ ಅಂಟಿರುತ್ತದೆ, ತೊಟ್ಟಿಮನೆಯ ಅಂಗಳದಲ್ಲಿ ಆಡಿದ್ದು ಒಂದು ಥರ, ಹಾಸಿಗೆಯ ಕೋಣೆಯಲ್ಲಿ ಆಡಿದ್ದು ಇನ್ನೊಂದು ಥರ. ಎರಡರಲ್ಲಿ ಯಾವುದು ನಿಮಗೆ ಆಪ್ತ ಅನಿಸಿತು, ಯಾವುದು ಸುಳ್ಳು ಅನಿಸಿತು? ಆಮೇಲೆ ವಾದ್ಯಸಂಗೀತ ಎಲ್ಲಿ ಬರುತ್ತದೆ ಅನ್ನುವುದನ್ನು ಗುರುತಿಸಿ. ಮಾತಿಗಿಂತ ಮುಂಚೆ ಬಂದು ‘ಈಗ ಅಳಬೇಕು’ ಅಂತ ಹೇಳುತ್ತದೆಯೇ, ಮಾತು ಮುಗಿದ ಮೇಲೆ ಬಂದು ಜೊತೆಗೆ ಕೂಡುತ್ತದೆಯೇ? ಯಾವ ರಾಗದ ನೆರಳಿದೆ ಅನ್ನುವುದು ನಿಮಗೆ ಸುಲಭವಾಗಿ ಸಿಗುತ್ತದೆ, ನಿಮ್ಮ ಓರಗೆಯವರಿಗೆ ಅದು ಸಿಗುವುದಿಲ್ಲ. ಕೊನೆಯದು ಮೌನ. ಪೂರ್ತಿ ಸದ್ದಿಲ್ಲದ ಮೌನ ಸಿನಿಮಾದಲ್ಲಿ ಅಪರೂಪ. ಹೆಚ್ಚಾಗಿ ಗಾಳಿ, ಫ್ಯಾನು, ಜೀರುಂಡೆ ಏನಾದರೂ ಇರುತ್ತದೆ. ಅದೂ ನಿಂತುಹೋದ ಜಾಗ ಸಿಕ್ಕರೆ ನಿರ್ದೇಶಕರು ಬೇಕೆಂದೇ ನಿಲ್ಲಿಸಿದ್ದಾರೆ, ಅಲ್ಲಿ ನಿಮಗೇನಾಯಿತು ಬರೆಯಿರಿ.

ಗುರುತುಗಳಿಗೆ ಕಾಗದ ಬೇಡ. ಒಂದು ಮೊಬೈಲಿನಲ್ಲಿ ಸಿನಿಮಾ, ಇನ್ನೊಂದರಲ್ಲಿ ಧ್ವನಿಮುದ್ರಣ ಇಟ್ಟುಕೊಂಡು, ಮನಸ್ಸಿಗೆ ತಟ್ಟಿದ ಕಡೆ ಎರಡು ಶಬ್ದ ಹೇಳಿ. ಹಿಂದೆ ಸಿನಿಮಾದ ಸದ್ದೂ ಮುದ್ರಣ ಆಗುವುದರಿಂದ ಜಾಗ ಯಾವುದು ಅಂತ ಆಮೇಲೆ ತಾನೇ ತಿಳಿಯುತ್ತದೆ. ಕಿವಿಯಿಂದ ಬರೆದ ಕರಡು ಮುಗಿದ ಮೇಲೆ ಗೆಳೆಯರೊಬ್ಬರನ್ನು ಕೂರಿಸಿಕೊಂಡು ಅದೇ ಮೂರು ನಿಮಿಷ ಕಂಡದ್ದನ್ನು ಹೇಳಿಸಿ. ಕರಾರು ಒಂದೇ: ‘ಸಿಟ್ಟಿನಲ್ಲಿ ನೋಡಿದಳು’ ಅನ್ನಬಾರದು, ‘ತಲೆ ಎತ್ತದೆ ಕಣ್ಣು ಮಾತ್ರ ಎತ್ತಿದಳು’ ಅನ್ನಬೇಕು. ಸಿಟ್ಟೋ ಅಲ್ಲವೋ ನೀವು ತೀರ್ಮಾನಿಸುತ್ತೀರಿ. ಅವರು ಹೇಳಿದ್ದಕ್ಕೂ ನೀವು ಕೇಳಿದ್ದಕ್ಕೂ ಎಲ್ಲಿ ಹೊಂದಲಿಲ್ಲವೋ, ದನಿ ಮೆತ್ತಗಿದ್ದು ಕಣ್ಣು ಮೆತ್ತಗಿಲ್ಲದ ಜಾಗ ಯಾವುದೋ, ಅಲ್ಲಿಂದ ನಿಮ್ಮ ಟಿಪ್ಪಣಿಯ ಮೊದಲ ಸಾಲು ಶುರುಮಾಡಿ. ಬರೆದದ್ದನ್ನು ನಮಗೂ ಕಳಿಸಿ. ಧ್ವನಿಯಲ್ಲೇ ಕಳಿಸಿದರೂ ನಡೆಯುತ್ತದೆ.